ಮೇಜುಹೊದಿಕೆಯಲ್ಲಿ ಬ್ರ್ಯಾಂಡ್ ಬಣ್ಣ ತಪ್ಪಿದಾಗ: ದೋಷ ಹುಡುಕುವ ಕ್ರಮ

ಹೊದಿಕೆಯನ್ನು ಹೊಲಿದು, ಇಸ್ತ್ರಿ ಹಾಕಿ, ಮೇಜಿನ ಮೇಲೆ ಹಾಸಿದ ಮೇಲೆ ಗ್ರಾಹಕರು ‘ಇದು ನಮ್ಮ ಕೆಂಪಲ್ಲ’ ಎಂದರೆ ಮುದ್ರಣಾಲಯದಲ್ಲಿ ಬಹುತೇಕರು ಮಾಡುವ ಕೆಲಸ ಒಂದೇ. ವಿನ್ಯಾಸದ ಕಡತ ತೆರೆಯುತ್ತಾರೆ, ಮಜೆಂಟಾ ಎಂಬ ಗುಲಾಬಿಗೆಂಪು ಶಾಯಿಯನ್ನು ಐದು ಅಂಕ ಇಳಿಸುತ್ತಾರೆ, ಮತ್ತೆ ಮುದ್ರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ನಾನೂ ಎಳೆದಿದ್ದೇನೆ. ಒಂದು ಕೆಂಪಿಗಾಗಿ ಒಂದೇ ಮುಂಜಾನೆ ಕಡತವನ್ನು ನಾಲ್ಕು ಸಲ ತಿದ್ದಿ, ಐದನೆಯ ತುಣುಕು ಸರಿಬಂತೆಂದು ನಿಟ್ಟುಸಿರು ಬಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಅದೇ ಕಡತದಿಂದ ಆರು ಹೊದಿಕೆ ತೆಗೆದಾಗ ಆರೂ ಕಿತ್ತಳೆಯತ್ತ ವಾಲಿದ್ದವು. ಆಗಿದ್ದು ಇಷ್ಟೇ: ಮುಂಜಾನೆ, ಬಣ್ಣವನ್ನು ಬಿಸಿಯಿಂದ ಬಟ್ಟೆಗೆ ಒತ್ತುವ ಹೀಟ್ ಪ್ರೆಸ್ಸಿನ ತಟ್ಟೆ ಪೂರ್ತಿ ಕಾಯುವ ಮೊದಲೇ ನಾವು ತುಣುಕುಗಳನ್ನು ಒತ್ತಿದ್ದೆವು. ನಾನು ತಿದ್ದಿದ ಕಡತ ಅರೆಗಾವಿನ ಯಂತ್ರಕ್ಕೆ ಸರಿಯಾಗಿತ್ತು. ಯಂತ್ರ ಸರಿಯಾದ ಕೂಡಲೇ ಕಡತ ತಪ್ಪಾಯಿತು. ಅಂದಿನಿಂದ ಕಡತಕ್ಕೆ ಕೈ ಹಾಕುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಈ ಬರಹದ ಕ್ರಮವೂ ಅದೇ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಪಾಲಿಯೆಸ್ಟರ್ ಬಟ್ಟೆಯ ಮೇಲಿನ ಸಬ್ಲಿಮೇಷನ್ ಮುದ್ರಣದ ಬಗ್ಗೆ. ಅಂಚಿನಿಂದ ಅಂಚಿಗೆ ಬಣ್ಣ ತುಂಬಿದ ಹೊದಿಕೆಗಳು ಹೆಚ್ಚಾಗಿ ಹೀಗೆಯೇ ತಯಾರಾಗುತ್ತವೆ. ಮೊದಲು ಕಾಗದದ ಮೇಲೆ ತಿರುಗುಮುರುಗಾಗಿ ಮುದ್ರಿಸಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತಿದರೆ ಶಾಯಿಯ ಬಣ್ಣ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ. ಕಾಗದದ ಮೇಲೆ ಬಣ್ಣ ಮಂಕಾಗಿ, ವಿಚಿತ್ರವಾಗಿ ಕಾಣುವುದು ಸಹಜ. ಅದನ್ನು ನೋಡಿ ಯಾರೂ ತೀರ್ಪು ಕೊಡಬಾರದು.

ಮೊದಲ ಪ್ರಶ್ನೆ: ಯಾವುದಕ್ಕೆ ಹೋಲಿಸಿ ತಪ್ಪು ಎನ್ನುತ್ತಿದ್ದಾರೆ?

ಅರ್ಧ ದೂರುಗಳು ಇಲ್ಲಿಯೇ ಕರಗುತ್ತವೆ. ಗ್ರಾಹಕರ ಕೈಯಲ್ಲಿರುವುದು ಮೊಬೈಲ್ ಪರದೆಯೇ? ಪರದೆ ಬೆಳಕನ್ನು ಉಗುಳುತ್ತದೆ, ಬಟ್ಟೆ ಬೆಳಕನ್ನು ಹಿಂದಿರುಗಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸರಿಹೊಂದಿಸುವುದು ಹುಚ್ಚು ಕೆಲಸ. ವಿಸಿಟಿಂಗ್ ಕಾರ್ಡೇ? ಅದರ ಮೇಲೆ ಹೊಳಪಿನ ಪದರವಿದ್ದರೆ ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಎರಡು ವರ್ಷ ಬಳಸಿದ ಹಳೆಯ ಹೊದಿಕೆಯೇ? ಬಿಸಿಲಿಗೂ ತೊಳೆತಕ್ಕೂ ಅದು ಮಾಸಿರುತ್ತದೆ. ಅದಕ್ಕೆ ಸರಿಹೊಂದಿಸಿದರೆ ಮಾಸಿದ ಬಣ್ಣವನ್ನೇ ಬ್ರ್ಯಾಂಡ್ ಬಣ್ಣವೆಂದು ಪಟ್ಟ ಕಟ್ಟಿದಂತಾಗುತ್ತದೆ. ಆದರೆ ಹಳೆಯದೂ ಹೊಸದೂ ಒಂದೇ ಸಾಲಿನಲ್ಲಿ ನಿಲ್ಲುವುದಿದ್ದರೆ ಗ್ರಾಹಕರು ಬೇಕೆಂದೇ ಅದನ್ನು ಕೇಳಬಹುದು. ಕೇಳಿ ತಿಳಿದುಕೊಳ್ಳಿ, ನೀವೇ ಊಹಿಸಬೇಡಿ.

ಬಣ್ಣಗಳನ್ನು ಸಂಖ್ಯೆಯಿಂದ ಗುರುತಿಸುವ ಪ್ಯಾಂಟೋನ್ ವ್ಯವಸ್ಥೆಯ ಸಂಖ್ಯೆ ಕೊಟ್ಟಿದ್ದಾರೆ ಎಂದರೆ ಎಲ್ಲವೂ ಸ್ಪಷ್ಟವಾಯಿತೆಂದು ತಿಳಿಯುವವರಿದ್ದಾರೆ. 1963ರಿಂದ ಬಳಕೆಯಲ್ಲಿರುವ ಈ ವ್ಯವಸ್ಥೆಯಲ್ಲಿ ಸಂಖ್ಯೆಯಷ್ಟೇ ಮುಖ್ಯವಾದದ್ದು ಅದರ ಬಾಲದ ಅಕ್ಷರ. 186 ಸಿ ಎಂದರೆ ಆ ಶಾಯಿ ಹೊಳಪಿನ ಕಾಗದದ ಮೇಲೆ ಕಾಣುವ ರೀತಿ. 186 ಯು ಎಂದರೆ ಅದೇ ಶಾಯಿ ಹೊಳಪಿಲ್ಲದ ಕಾಗದದ ಮೇಲೆ ಕಾಣುವ ರೀತಿ. ಒಂದೇ ಸಂಖ್ಯೆ, ಆದರೂ ಕಣ್ಣಿಗೆ ಎರಡು ಬೇರೆ ಕೆಂಪು. ಬಟ್ಟೆಗೆಂದೇ ಇರುವುದು ಮೂರನೆಯ ಪಟ್ಟಿ: 19-1664 ಟಿಸಿಎಕ್ಸ್ ಎಂಬಂತೆ ಆರು ಅಂಕಿಗಳ ಸಂಖ್ಯೆಯೊಂದಿಗೆ, ಹತ್ತಿಯ ಬಟ್ಟೆಗೆ ಬಣ್ಣ ಹಾಕಿ ಮಾಡಿದ ತುಣುಕುಗಳು. ಬಾಲವಿಲ್ಲದ ಸಂಖ್ಯೆ ಬಂದರೆ ಕೆಲಸ ಶುರು ಮಾಡದೆ ಕೇಳುವುದೇ ಒಳ್ಳೆಯದು. ನಿಮ್ಮ ಶೇಡ್ ಪುಸ್ತಕದ ವಯಸ್ಸನ್ನೂ ನೋಡಿಕೊಳ್ಳಿ. ಕಿಟಕಿಯ ಪಕ್ಕ ತೆರೆದಿಟ್ಟ ಪುಸ್ತಕದ ಹಾಳೆ ಹಳದಿಯಾಗಿ ಬಣ್ಣ ಜಾರಿರುತ್ತದೆ, ಪಾಪ, ಬಟ್ಟೆ ಮಾತ್ರ ಬೈಗುಳ ತಿನ್ನುತ್ತದೆ.

ಯಾವ ಬೆಳಕಿನಲ್ಲಿ?

ಒಂದು ದೀಪದ ಕೆಳಗೆ ಸರಿಯಾಗಿ ಹೊಂದುವ ಎರಡು ಬಣ್ಣಗಳು ಇನ್ನೊಂದು ದೀಪದ ಕೆಳಗೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಆಫ್‌ಸೆಟ್ ಶಾಯಿಯ ಕಾರ್ಡು ಮತ್ತು ಸಬ್ಲಿಮೇಷನ್ ಬಣ್ಣದ ಬಟ್ಟೆ ಬೇರೆ ಬೇರೆ ರಾಸಾಯನಿಕಗಳಿಂದ ಆದವುಗಳಾದ್ದರಿಂದ ಅವುಗಳ ನಡುವೆ ಇದು ಸದಾ ಇಣುಕುತ್ತಿರುತ್ತದೆ. ಬೂದು, ಕಂದು, ನೇರಳೆ ಛಾಯೆಗಳಲ್ಲಿ ಹೆಚ್ಚು. ಪರೀಕ್ಷೆ ಸರಳ: ಎರಡನ್ನೂ ಒಟ್ಟಿಗೆ ಹಿಡಿದು ಹಗಲಿನ ನೆರಳಿನಲ್ಲಿ, ಕೋಣೆಯ ಎಲ್‌ಇಡಿ ಕೆಳಗೆ, ಹಳದಿ ದೀಪದ ಕೆಳಗೆ ಮೂರು ಕಡೆ ನೋಡಿ. ಎಲ್ಲ ಕಡೆ ಒಂದೇ ದಿಕ್ಕಿಗೆ ತಪ್ಪಿದ್ದರೆ ಅದು ನಿಜವಾದ ತಪ್ಪು. ಒಂದು ಕಡೆ ಹೊಂದಿ ಇನ್ನೊಂದು ಕಡೆ ಹೊಂದದಿದ್ದರೆ ನೀವು ಬೆನ್ನಟ್ಟುತ್ತಿರುವುದು ದೀಪವನ್ನು, ಬಣ್ಣವನ್ನಲ್ಲ. ಹಗಲಿನ ಬೆಳಕಿಗೆ ಗೊತ್ತುಮಾಡಿದ ಎರಡು ಮಾನದಂಡಗಳಲ್ಲಿ ಮುದ್ರಣದವರು ಡಿ50 ಬೆಳಕಿನಲ್ಲಿ, ಜವಳಿಯವರು ಡಿ65 ಬೆಳಕಿನಲ್ಲಿ ಬಣ್ಣ ನೋಡುವುದು ರೂಢಿ. ಯಾವುದಾದರೂ ಒಂದನ್ನು ಹಿಡಿದು ಗ್ರಾಹಕರೊಂದಿಗೆ ಮೊದಲೇ ಒಪ್ಪಿಕೊಂಡಿರಬೇಕು.

ಬಿಳಿ ಬಟ್ಟೆಗೆ ಹಾಕಿರುವ ಬೆಳ್ಪುಕಾರಕವೂ ಇದೇ ಜಾತಿಯ ತುಂಟತನ ಮಾಡುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಹಗಲಿನಲ್ಲಿ ತಣ್ಣಗೆ ಕಾಣುವ ತಿಳಿ ಬಣ್ಣ ಎಲ್‌ಇಡಿ ಕೆಳಗೆ ಹಳದಿಯಾಗುವುದು ಈ ಕಾರಣಕ್ಕೆ. ಇನ್ನೊಂದು ಸಣ್ಣ ಮಾತು: ಪ್ರೆಸ್ಸಿನಿಂದ ಆಗಷ್ಟೇ ತೆಗೆದ ಬಿಸಿ ಬಟ್ಟೆಯ ಬಣ್ಣ ನಂಬಿಕೆಗೆ ಅರ್ಹವಲ್ಲ. ಪೂರ್ತಿ ತಣಿಯಲಿ.

ಒಂದೇ ಬಣ್ಣ ತಪ್ಪಿದೆಯೇ, ಎಲ್ಲವೂ ತಪ್ಪಿವೆಯೇ?

ದಾರಿ ಕವಲೊಡೆಯುವುದು ಇಲ್ಲಿ. ಇದಕ್ಕೆ ಉತ್ತರ ಸಿಗಬೇಕೆಂದರೆ ಪ್ರತಿ ಹೊದಿಕೆಯ ಹೊಲಿಗೆ ಅಂಚಿನಲ್ಲಿ, ಮಡಿಕೆಯೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಸಣ್ಣದೊಂದು ಪರೀಕ್ಷಾ ಪಟ್ಟಿ ಮುದ್ರಿಸಿರಬೇಕು: ಸಯಾನ್ (ಹಸಿರು ಮಿಶ್ರಿತ ನೀಲಿ), ಮಜೆಂಟಾ, ಹಳದಿ, ಕಪ್ಪು, ಮೂರು ಬಣ್ಣ ಬೆರೆತ ಒಂದು ಬೂದು, ಜೊತೆಗೆ ಬ್ರ್ಯಾಂಡ್ ಬಣ್ಣ. ಹಿಂದೆ ಸರಿಯಾಗಿ ಬಂದ ಕೆಲಸದ ಅದೇ ಪಟ್ಟಿಯೊಂದಿಗೆ ಹೋಲಿಸಿ.

ಪಟ್ಟಿಯ ಉಳಿದ ಚೌಕಗಳೆಲ್ಲ ಸರಿಯಿದ್ದು ಬ್ರ್ಯಾಂಡ್ ಬಣ್ಣ ಮಾತ್ರ ತಪ್ಪಿದ್ದರೆ ಯಂತ್ರವನ್ನು ಬಿಡಿ, ದೋಷ ಕಡತದಲ್ಲಿ ಇಲ್ಲವೇ ಅದನ್ನು ಓದಿ ಮುದ್ರಕಕ್ಕೆ ತಿಳಿಯುವಂತೆ ಬದಲಿಸುವ ರಿಪ್ ತಂತ್ರಾಂಶದಲ್ಲಿದೆ. ಬೂದು ಚೌಕ ಕೆಂಪಿಗೋ ಹಸಿರಿಗೋ ವಾಲಿದ್ದರೆ ಯಾವುದೋ ಒಂದು ಶಾಯಿ ಕಡಿಮೆ ಬೀಳುತ್ತಿದೆ, ಇಲ್ಲವೇ ಪ್ರೆಸ್ಸಿನ ಬಿಸಿ ತಪ್ಪಿದೆ. ಎಲ್ಲವೂ ಮಂಕಾಗಿದ್ದರೆ ಪ್ರೆಸ್ಸು, ಕಾಗದದ ತಪ್ಪು ಬದಿ, ಅಥವಾ ಬಟ್ಟೆ. ಹೊದಿಕೆಯ ಒಂದು ಭಾಗ ಮಾತ್ರ ತಪ್ಪಿದ್ದರೆ ತಟ್ಟೆಯಲ್ಲಿ ತಣ್ಣಗಿನ ಜಾಗವಿದೆ ಅಥವಾ ತುಂಡುಗಳನ್ನು ಬೇರೆ ಬೇರೆ ತಾನಿನಿಂದ (ಬಟ್ಟೆಯ ಸುರುಳಿಯಿಂದ) ಕತ್ತರಿಸಲಾಗಿದೆ. ಮೊದಲ ಹತ್ತು ಸರಿಯಿದ್ದು ಆಮೇಲೆ ಜಾರುತ್ತ ಹೋಗಿದ್ದರೆ ಶಾಯಿ ಚಿಮ್ಮುವ ನಾಜಲ್ ಕಟ್ಟಿಕೊಂಡಿರಬೇಕು, ಇಲ್ಲವೇ ಶಾಯಿಯ ಬಾಟಲಿ ನಡುವೆ ಬದಲಾಗಿರಬೇಕು.

ಪಟ್ಟಿ ಮುದ್ರಿಸಿಲ್ಲವೆಂದರೆ ಇನ್ನೊಂದು ಉಪಾಯವಿದೆ, ನನಗಂತೂ ಇದು ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸಿದೆ. ತಪ್ಪಿದ ಬಣ್ಣವನ್ನು ಒಂದು ಉದ್ದ ಹಾಳೆಯ ಮೇಲೆ ಮುದ್ರಿಸಿ ನಾಲ್ಕು ತುಂಡು ಮಾಡಿ. ಒಂದನ್ನು ಈಗಿನ ಬಟ್ಟೆಯ ಮೇಲೆ, ಇನ್ನೊಂದನ್ನು ಹಿಂದೆ ಸರಿಬಂದಿದ್ದ ಬಟ್ಟೆಯ ಮೇಲೆ ಒಂದೇ ಬಿಸಿಯಲ್ಲಿ ಒತ್ತಿ. ಉಳಿದೆರಡನ್ನು ಈಗಿನ ಬಟ್ಟೆಯ ಮೇಲೆಯೇ, ಒಂದಕ್ಕೆ ಹತ್ತು ಸೆಕೆಂಡು ಕಡಿಮೆ, ಒಂದಕ್ಕೆ ಹತ್ತು ಸೆಕೆಂಡು ಹೆಚ್ಚು ಕೊಟ್ಟು ಒತ್ತಿ. ಬಟ್ಟೆ ಬದಲಾದಾಗ ಬಣ್ಣ ಸರಿಹೋದರೆ ಬಟ್ಟೆ ಕಾರಣ. ಸಮಯ ಬದಲಾದಾಗ ಸರಿಹೋದರೆ ಪ್ರೆಸ್ಸು ಕಾರಣ. ನಾಲ್ಕೂ ಒಂದೇ ರೀತಿ ತಪ್ಪಿದ್ದರೆ ಮುದ್ರಕ ಅಥವಾ ಕಡತ. ಅರ್ಧ ಗಂಟೆಯ ಕೆಲಸ, ಮೂರು ದಿಕ್ಕಿನಲ್ಲಿ ಎರಡು ಮುಚ್ಚಿಹೋಗುತ್ತವೆ.

ಪ್ರೆಸ್ಸು

ಬಿಸಿ ಕಡಿಮೆಯಾದರೆ ಬಣ್ಣ ತಿಳಿಯಾಗುತ್ತದೆ ಎಂದಷ್ಟೇ ಹಲವರು ತಿಳಿದಿದ್ದಾರೆ. ನಿಜ ಅದಕ್ಕಿಂತ ತೊಡಕಿನದು. ನಾಲ್ಕು ಶಾಯಿಗಳ ಬಣ್ಣಗಳು ಒಂದೇ ಬಿಸಿಯಲ್ಲಿ, ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ಬಿಸಿ ಅಥವಾ ಸಮಯ ಸಾಲದಿದ್ದರೆ ಒಂದು ಪೂರ್ತಿ ಇಳಿದಿರುತ್ತದೆ, ಇನ್ನೊಂದು ಕಾಗದದಲ್ಲೇ ಉಳಿದಿರುತ್ತದೆ. ಅಲ್ಲಿಗೆ ಗಾಢತೆ ಮಾತ್ರವಲ್ಲ, ಛಾಯೆಯೇ ಬದಲಾಗುತ್ತದೆ. ಆದ್ದರಿಂದಲೇ ಪ್ರೆಸ್ಸಿನ ದೋಷ ಕಡತದ ದೋಷದ ವೇಷ ಹಾಕಿಕೊಂಡು ಬರುವುದು. ನನ್ನ ಆ ಮುಂಜಾನೆ ಹಾಳಾದದ್ದೂ ಹೀಗೆ.

ಸಮತಟ್ಟು ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ 190ರಿಂದ 205 ಡಿಗ್ರಿ, 40ರಿಂದ 60 ಸೆಕೆಂಡು. ನಿಮ್ಮ ಶಾಯಿ, ಕಾಗದ, ಬಟ್ಟೆಗಳ ತಯಾರಕರು ಹೇಳಿದ ಅಂಕಿಯೇ ಆರಂಭದ ಬಿಂದು. ಆದರೆ ಯಂತ್ರದ ಮೇಲೆ ಮಿನುಗುವ ಅಂಕಿ ತಟ್ಟೆಯ ಒಂದು ಬಿಂದುವಿನ ಬಿಸಿ ಮಾತ್ರ. ನಾಲ್ಕು ಮೂಲೆ ಮತ್ತು ನಡುವಿನಲ್ಲಿ ಬಿಸಿಗೆ ಬಣ್ಣ ಬದಲಿಸುವ ತಾಪ ಪಟ್ಟಿಗಳನ್ನು ಇಟ್ಟು ಒತ್ತಿ ನೋಡಿ. ಕೈಯಲ್ಲಿ ಹಿಡಿಯುವ ಇನ್ಫ್ರಾರೆಡ್ ಮಾಪಕ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ. ರೋಲರ್ ಯಂತ್ರವಾದರೆ ಬಿಸಿಯ ಜೊತೆಗೆ ವೇಗವನ್ನೂ ನೋಡಬೇಕು. ಬಟ್ಟೆ ಉರುಳೆಗೆ ಅಂಟಿಕೊಂಡಿರುವ ಕಾಲವನ್ನು ವೇಗವೇ ತೀರ್ಮಾನಿಸುತ್ತದೆ.

ಒತ್ತಿದ ಮೇಲೆ ಎಸೆಯುವ ಕಾಗದ ಒಳ್ಳೆಯ ಸಾಕ್ಷಿ. ಅದರಲ್ಲಿ ಮಸುಕಾದ ನೆರಳು ಉಳಿಯುವುದು ಸಹಜ. ಚಿತ್ರ ಗಾಢವಾಗಿಯೇ ಉಳಿದಿದ್ದರೆ ಬಣ್ಣ ಪೂರ್ತಿ ಇಳಿದಿಲ್ಲ. ಬಟ್ಟೆಯ ಕೆಳಗೆ ಹಾಸಿದ ಕಾಗದವನ್ನೂ ನೋಡಿ. ಅದರ ಮೇಲೆ ಬಣ್ಣ ಹೆಚ್ಚು ಸೋರಿದ್ದರೆ ಬಟ್ಟೆ ಅತಿಯಾಗಿ ಬೆಂದಿದೆ, ಬಣ್ಣ ಮೇಲ್ಮೈಯಲ್ಲಿ ನಿಲ್ಲದೆ ಹಿಂಬದಿಗೆ ದಾಟಿದೆ. ಅತಿಯಾಗಿ ಬೆಂದ ಕಪ್ಪು ಕಂದಿಗೆ ತಿರುಗುವುದು, ಬಿಳಿ ಜಾಗ ಹಳದಿಯಾಗುವುದು ಇದೇ ರೋಗದ ಬೇರೆ ಲಕ್ಷಣಗಳು. ಬಟ್ಟೆಯಲ್ಲಿ ತೇವವಿದ್ದರೆ ಹಬೆ ಎದ್ದು ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಕೆಲವು ಸೆಕೆಂಡು ಬರಿಯ ಬಟ್ಟೆಯನ್ನು ಒತ್ತಿ ಒಣಗಿಸಿದರೆ ಸಾಕು.

ಬಟ್ಟೆ

ಸಬ್ಲಿಮೇಷನ್‌ನಲ್ಲಿ ಬಿಳಿ ಶಾಯಿ ಇಲ್ಲ. ಬಟ್ಟೆಯ ಬಿಳಿಯೇ ನಿಮ್ಮ ಬಿಳಿ, ಬಟ್ಟೆಯ ಬಣ್ಣ ನಿಮ್ಮ ಎಲ್ಲ ಬಣ್ಣಗಳಿಗೂ ಬೆರೆಯುತ್ತದೆ. ಹೊಸ ತಾನು ಹಳೆಯದಕ್ಕಿಂತ ಒಂದಿಷ್ಟು ಕೆನೆಬಣ್ಣಕ್ಕಿದ್ದರೂ ತಿಳಿ ಛಾಯೆಗಳು ಕೆಡುತ್ತವೆ. ಗಾಢ ಬಣ್ಣಗಳಲ್ಲಿ ಗೊತ್ತೇ ಆಗುವುದಿಲ್ಲ. ತಾನು ಬಂದ ದಿನ ಮುಂಚಿನ ತಾನಿನ ತುಂಡಿನೊಂದಿಗೆ ಮಡಚಿ ಹಿಡಿದು ನೋಡಿದರೆ ಸಾಕು, ಯಂತ್ರ ಬೇಕಿಲ್ಲ. ಬಟ್ಟೆಯಲ್ಲಿ ಹತ್ತಿ ಬೆರೆತಿದ್ದರೆ ಹತ್ತಿಯ ಎಳೆ ಈ ಬಣ್ಣವನ್ನು ಹಿಡಿದುಕೊಳ್ಳುವುದಿಲ್ಲ. ಬಣ್ಣ ಮೊದಲೇ ಮಾಸಲಾಗಿ ಬಂದು ತೊಳೆದ ಮೇಲೆ ಇನ್ನೂ ಬಿಳಚುತ್ತದೆ. ಬೆಂಕಿ ತಡೆಯುವ ಲೇಪನವಿರುವ ಬಟ್ಟೆಯನ್ನು ಬೇರೆಯೇ ಬಟ್ಟೆಯೆಂದು ಭಾವಿಸಿ ಅದಕ್ಕೆ ಬೇರೆ ಪ್ರೊಫೈಲ್ (ಬಣ್ಣ ಹೊಂದಿಸುವ ವಿವರದ ಕಡತ) ಇಟ್ಟುಕೊಳ್ಳುವುದು ಕ್ಷೇಮ.

ಮೇಜುಹೊದಿಕೆಗೇ ವಿಶೇಷವಾದ ಎರಡು ಪೀಡೆಗಳಿವೆ. ಒಂದು, ಮೇಜಿಗೆ ಬಿಗಿದು ಹಾಕುವ ಎಳೆತದ ಹೊದಿಕೆ. ಎಳೆದಾಗ ನೂಲಿನ ಸಂದು ತೆರೆದು, ಬಣ್ಣ ತಲುಪದ ಒಳಗಿನ ಬಿಳಿ ಹೊರಗೆ ಕಾಣುತ್ತದೆ. ಮೇಜಿನ ಕಾಲುಗಳ ಬಳಿ, ಮೂಲೆಗಳಲ್ಲಿ ಬಣ್ಣ ತೆಳುವಾದಂತೆ ಕಾಣುವುದು ಇದರಿಂದ. ಇಂಥ ಬಟ್ಟೆಯ ಮಾದರಿಯನ್ನು ಬಿಡಿಯಾಗಿ ನೋಡಿ ಒಪ್ಪಿಗೆ ಪಡೆದರೆ ಆಮೇಲೆ ಜಗಳ ಖಚಿತ. ಮಾದರಿಯನ್ನು ಹಲಗೆಯೊಂದಕ್ಕೆ ಬಳಕೆಯಲ್ಲಿರುವಷ್ಟೇ ಎಳೆದು ಬಿಗಿದು ತೋರಿಸಿ. ಎರಡನೆಯದು ಬಟ್ಟೆಯ ದಿಕ್ಕು. ಮುಂಭಾಗವನ್ನು ಉದ್ದಕ್ಕೆ, ಪಕ್ಕದ ತುಂಡುಗಳನ್ನು ಬಟ್ಟೆ ಉಳಿಸಲೆಂದು ಪನ್ನದ ಅಡ್ಡಕ್ಕೆ ಕತ್ತರಿಸಿದರೆ, ಒಂದೇ ಬಣ್ಣ ಎರಡು ಕಡೆ ಬೇರೆಯಾಗಿ ಬೆಳಕನ್ನು ಹಿಂದಿರುಗಿಸುತ್ತದೆ. ಹೊಲಿಗೆಯ ಎರಡೂ ಬದಿಯ ತುಂಡುಗಳನ್ನು ಬಿಚ್ಚಿ ಒಂದೇ ದಿಕ್ಕಿಗೆ ತಿರುಗಿಸಿ ನೋಡಿ. ವ್ಯತ್ಯಾಸ ಮಾಯವಾದರೆ ಮುದ್ರಣದವರನ್ನು ಬಿಟ್ಟು ಕತ್ತರಿಸುವವರ ಬಳಿ ಹೋಗಿ.

ಮುದ್ರಕ

ಇಲ್ಲಿ ಹೇಳುವುದು ಕಡಿಮೆ. ನಾಜಲ್ ಪರೀಕ್ಷೆ ಮುದ್ರಿಸಿ. ಗೆರೆ ತಪ್ಪಿದ್ದರೆ ತಲೆಯನ್ನು ಶುದ್ಧ ಮಾಡಿ. ಶಾಯಿಯ ಅವಧಿ ಮುಗಿದಿಲ್ಲವೇ, ಬ್ರ್ಯಾಂಡ್ ಬದಲಾಗಿಲ್ಲವೇ ನೋಡಿ. ಐಸಿಸಿ ಪ್ರೊಫೈಲ್ ಎಂಬುದು ಮುದ್ರಕ, ಶಾಯಿ, ಕಾಗದ, ಬಟ್ಟೆ, ಪ್ರೆಸ್ಸಿನ ಬಿಸಿ ಇವೆಲ್ಲ ಸೇರಿದ ಒಂದು ಸಂಸಾರದ ವಿವರ. ಅದರಲ್ಲಿ ಒಬ್ಬರು ಬದಲಾದರೂ ಪ್ರೊಫೈಲ್ ಹಳೆಯದಾಯಿತು.

ಕೊನೆಗೆ ಕಡತ

ಪಟ್ಟಿಯ ಉಳಿದ ಚೌಕಗಳು ಸರಿಯಿವೆ, ಬ್ರ್ಯಾಂಡ್ ಬಣ್ಣ ಮಾತ್ರ ತಪ್ಪಿದೆ ಎಂದಾದರೆ ಈಗ ಕಡತ ತೆರೆಯಿರಿ. ಬಣ್ಣ ಇನ್ನೂ ಸ್ಪಾಟ್ ಬಣ್ಣವಾಗಿಯೇ (ಹೆಸರಿನಿಂದ ಗುರುತಿಸುವ ಪ್ರತ್ಯೇಕ ಬಣ್ಣ) ಉಳಿದಿದೆಯೇ, ಯಾರೋ ಸಿಎಂವೈಕೆಗೆ, ಅಂದರೆ ನಾಲ್ಕು ಶಾಯಿಗಳ ಬೆರಕೆಗೆ, ಬದಲಿಸಿದ್ದಾರೆಯೇ ನೋಡಿ. ರಿಪ್ ತಂತ್ರಾಂಶ ತನ್ನ ಪಟ್ಟಿಯಲ್ಲಿ ಬಣ್ಣವನ್ನು ಹುಡುಕುವುದು ಹೆಸರಿನಿಂದ. ಕಡತದಲ್ಲಿ ಹಳೆಯ ಸಿವಿಸಿ ಬಾಲವೋ, ನಾಲ್ಕು ಬಣ್ಣದ ಅನುಕರಣೆಯೆಂದು ಹೇಳುವ ಸಿಪಿ ಬಾಲವೋ ಇದ್ದು, ಪಟ್ಟಿಯಲ್ಲಿ ಬರಿಯ ಸಿ ಇದ್ದರೆ ಎರಡಕ್ಕೂ ಪರಿಚಯವೇ ಆಗುವುದಿಲ್ಲ. ತಂತ್ರಾಂಶ ಸದ್ದಿಲ್ಲದೆ ತನ್ನ ಊಹೆಯನ್ನು ಮುದ್ರಿಸಿಬಿಡುತ್ತದೆ. ಸ್ಪಾಟ್ ಬಣ್ಣದ ಮೇಲೆ ನೆರಳು, ಪಾರದರ್ಶಕತೆ ಮುಂತಾದ ಅಲಂಕಾರಗಳಿದ್ದರೆ ಕಡತ ಉಳಿಸುವಾಗ ಅವು ನಾಲ್ಕು ಬಣ್ಣಕ್ಕೆ ಕರಗಿಹೋಗಿರಬಹುದು. ಲೋಗೊ ಒಂದು ಕಡೆ ವೆಕ್ಟರ್ (ಗೆರೆಗಳಿಂದ ರಚಿಸಿದ ಚಿತ್ರ), ಹಿನ್ನೆಲೆ ಇನ್ನೊಂದು ಕಡೆ ಜೆಪೆಗ್ (ಫೋಟೊದಂಥ ಚಿತ್ರ) ಆಗಿರುವ ಕಡತಗಳು ದಿನವೂ ಬರುತ್ತವೆ. ಪರದೆಯಲ್ಲಿ ಎರಡೂ ಒಂದೇ, ಬಟ್ಟೆಯಲ್ಲಿ ಲೋಗೊದ ಸುತ್ತ ಪೆಟ್ಟಿಗೆ ಕಾಣುತ್ತದೆ.

ನೀಲಿ ನೇರಳೆಯಾಗಿ ಬರುವುದು ಎಲ್ಲರ ತಲೆನೋವು. ಸಯಾನ್ 100, ಮಜೆಂಟಾ 90 ಎಂಬಂಥ ನೀಲಿಗಳು ನೇರಳೆಯ ಅಂಚಿನಲ್ಲೇ ನಿಂತಿರುತ್ತವೆ. ಎರಡರ ನಡುವೆ ಮೂವತ್ತರಷ್ಟಾದರೂ ಅಂತರ ಇಡಬೇಕೆಂಬುದು ಮುದ್ರಣದವರ ಹಳೆಯ ಲೆಕ್ಕ, ಅದು ಬಟ್ಟೆಯ ಮೇಲೂ ನಡೆಯುತ್ತದೆ.

ತಿದ್ದುವಾಗ ಒಂದೊಂದೇ ಅಂಕ ಬದಲಿಸಿ ಹತ್ತು ಸಲ ಮುದ್ರಿಸುವ ಬದಲು ಚೌಕದ ಜಾಲವೊಂದನ್ನು ಒಮ್ಮೆಗೇ ಮುದ್ರಿಸಿ. ನಡುವಿನ ಚೌಕ ಈಗಿನ ಬಣ್ಣ. ಬಲಕ್ಕೆ ಮಜೆಂಟಾ ಮೂರು ಮೂರು ಅಂಕ ಏರಲಿ, ಎಡಕ್ಕೆ ಇಳಿಯಲಿ, ಮೇಲೆ ಕೆಳಗೆ ಹಳದಿ ಹಾಗೆಯೇ. ಪ್ರತಿ ಚೌಕದ ಕೆಳಗೆ ಅದರ ಅಂಕಿಗಳು ಇರಲಿ. ಚೌಕಗಳು ಕನಿಷ್ಠ ಅಂಗೈಯ ಅರ್ಧದಷ್ಟಿರಬೇಕು, ಚಿಕ್ಕವಾದರೆ ಪಕ್ಕದ ಬಣ್ಣ ಕಣ್ಣನ್ನು ಮೋಸಗೊಳಿಸುತ್ತದೆ. ಬೂದು ಕಾಗದದಲ್ಲಿ ಕಿಂಡಿ ಕತ್ತರಿಸಿ ಅದರ ಮೂಲಕ ಒಂದೊಂದನ್ನೇ ನೋಡಿ. ತೀರ್ಪು ಕೊಡುವವರು ಇಬ್ಬರಿರಲಿ: ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಕೆಂಪು-ಹಸಿರಿನ ಗುರುತಿನಲ್ಲಿ ಕೊರತೆಯಿರುತ್ತದೆ, ಹಲವರಿಗೆ ಅದು ಗೊತ್ತೇ ಇರುವುದಿಲ್ಲ.

ಸ್ಪೆಕ್ಟ್ರೊಫೋಟೊಮೀಟರ್ ಇದ್ದರೆ ವಾದ ಬೇಗ ಮುಗಿಯುತ್ತದೆ. ಅದು ಕೊಡುವ ಡೆಲ್ಟಾ ಇ ಎಂಬ ಅಂಕಿ ಎರಡು ಬಣ್ಣಗಳ ನಡುವಿನ ದೂರ. 1ರ ಆಸುಪಾಸಿನ ವ್ಯತ್ಯಾಸವನ್ನು ಪಳಗಿದ ಕಣ್ಣು ಮಾತ್ರ ಹಿಡಿಯುತ್ತದೆ, 5 ದಾಟಿದರೆ ಯಾರಿಗೂ ಕಾಣುತ್ತದೆ. ಬಟ್ಟೆಯಲ್ಲಿ 2ರಿಂದ 3ರೊಳಗೆ ಬಂದರೆ ನಾನು ಒಪ್ಪುತ್ತೇನೆ. ಆದರೆ ಬಟ್ಟೆಯನ್ನು ಕಾಗದದಂತೆ ಅಳೆಯಬಾರದು. ಅದೇ ಬಟ್ಟೆಯ ನಾಲ್ಕಾರು ಮಡಿಕೆಯನ್ನು ಕೆಳಗಿಟ್ಟು, ಉಪಕರಣವನ್ನು ತಿರುಗಿಸುತ್ತ ಐದಾರು ಕಡೆ ಅಳೆದು ಸರಾಸರಿ ತೆಗೆಯಬೇಕು. ಒಂದೇ ಅಳತೆ ನೂಲಿನ ಏರಿಳಿತವನ್ನು ಹೇಳೀತು, ಬಣ್ಣವನ್ನಲ್ಲ.

ಬಾರದ ಬಣ್ಣಗಳು

ಎಲ್ಲ ಪರೀಕ್ಷೆ ಮುಗಿದು, ಜಾಲದಲ್ಲಿ ಹತ್ತಿರದ ಚೌಕವೂ ದೂರವೇ ಉಳಿದರೆ ಆ ಬಣ್ಣ ನಿಮ್ಮ ಶಾಯಿಗಳ ವ್ಯಾಪ್ತಿಯ ಹೊರಗಿದೆ. ಉಜ್ವಲ ಕಿತ್ತಳೆ, ಎಳೆಯ ಚಿಗುರಿನಂಥ ಹಸಿರು, ರಿಫ್ಲೆಕ್ಸ್ ನೀಲಿ ಇವು ನಾಲ್ಕು ಬಣ್ಣದ ಯಂತ್ರಕ್ಕೆ ಕಷ್ಟದವು. ಕಿತ್ತಳೆಯೋ ನೀಲಿಯೋ ಹೆಚ್ಚುವರಿ ಶಾಯಿಯಿರುವ ಯಂತ್ರದಲ್ಲಿ ಹತ್ತಿರ ಬರಬಹುದು. ಪ್ಯಾಂಟೋನ್ 871ರಿಂದ 877ರವರೆಗಿನ ಲೋಹದ ಬಣ್ಣಗಳು ಸಬ್ಲಿಮೇಷನ್‌ನಲ್ಲಿ ಬರುವುದೇ ಇಲ್ಲ, ಚಿನ್ನದ ಬದಲು ಸಾಸಿವೆ ಬಣ್ಣ ಸಿಗುತ್ತದೆ. ಪ್ರಖರ ಫ್ಲೋರೊಸೆಂಟ್ ಬಣ್ಣಗಳಿಗೆ ಪ್ರತ್ಯೇಕ ಶಾಯಿಯೇ ಬೇಕು. ಲೋಗೊ ಚಿಕ್ಕದಿದ್ದು ಒಂದೆರಡು ಬಣ್ಣ ಮಾತ್ರವಿದ್ದರೆ, ಬಣ್ಣ ಹಾಕಿದ ಬಟ್ಟೆ ಕೊಂಡು, ಶಾಯಿಯನ್ನು ಕೈಯಲ್ಲಿ ಬೆರೆಸಿ ಸ್ಕ್ರೀನ್ ಮುದ್ರಣ ಮಾಡಿಸುವುದೇ ಸುಲಭ ದಾರಿ. ಗಾಢ ಬಟ್ಟೆಯಾದರೆ ಕೆಳಗೊಂದು ಬಿಳಿ ಪದರ ಮರೆಯಬಾರದು. ಇದನ್ನು ಹೊದಿಕೆ ಹೊಲಿದ ಮೇಲೆ ಹೇಳಿದರೆ ನೆಪದಂತೆ ಕೇಳುತ್ತದೆ, ಕೆಲಸ ಒಪ್ಪಿಕೊಳ್ಳುವಾಗ ತುಣುಕು ತೋರಿಸಿ ಹೇಳಿದರೆ ಗ್ರಾಹಕರೇ ಆಯ್ಕೆ ಮಾಡುತ್ತಾರೆ.

ಒಪ್ಪಿಗೆಯಾದ ತುಣುಕನ್ನು ಎರಡು ಮಾಡಿ ಒಂದನ್ನು ಗ್ರಾಹಕರಿಗೆ ಕೊಡಿ, ಇನ್ನೊಂದನ್ನು ಬೆಳಕು ಬೀಳದ ಲಕೋಟೆಯಲ್ಲಿ ಇಡಿ. ಲಕೋಟೆಯ ಮೇಲೆ ಬಿಸಿ, ಸಮಯ, ಒತ್ತಡ, ತಾನಿನ ಸಂಖ್ಯೆ, ಶಾಯಿಯ ಬಾಟಲಿಯ ಬ್ಯಾಚ್, ಪ್ರೊಫೈಲ್ ಹೆಸರು, ದಿನಾಂಕ ಬರೆದಿರಲಿ. ಪ್ರೆಸ್ ಹಚ್ಚಿ ಎಷ್ಟು ಹೊತ್ತಿನ ಮೇಲೆ ಒತ್ತಿದಿರಿ ಎಂಬುದನ್ನೂ ಬರೆಯಿರಿ. ನನ್ನ ಲಕೋಟೆಗಳ ಮೇಲೆ ಆ ಸಾಲು ಎಲ್ಲಕ್ಕಿಂತ ಮೊದಲು ಬರುತ್ತದೆ.